ನಡುಗುವ ಅಡ್ಡಗೆರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನನ್ನ ಅತ್ತೆಯ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಪೆನ್ಸಿಲ್ ಮೊಂಡಾಗಿದ್ದಕ್ಕೆ ಅಕ್ಷರ ಕೆಟ್ಟಿತು ಎಂದು ನಾನು ಹೇಳಿದರೆ ಈ ಗಾದೆ. ಕತ್ತರಿ ಸರಿಯಿಲ್ಲ, ಅದಕ್ಕೇ ಕಾಗದ ಸೊಟ್ಟ ಹೋಯಿತು ಎಂದು ಅಪ್ಪ ಹೇಳಿದರೂ ಈ ಗಾದೆ. ಬಸ್ಸಿನ ಡ್ರೈವರ್ ರಸ್ತೆಯನ್ನು ಬೈದುಕೊಂಡರೆ ಅವನಿಗೂ ಇದೇ, ಹಿಂದಿನ ಸೀಟಿನಿಂದ, ಅವನಿಗೆ ಕೇಳಿಸುವ ಹಾಗೆ. ಕೈಯಲ್ಲಿರುವ ಸಾಮಾನನ್ನು ದೂರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ನೆಲ ನಿಜವಾಗಿಯೂ ಡೊಂಕಾಗಿದ್ದಾಗ ಅವಳೊಬ್ಬಳೇ ಅದನ್ನು ನಂಬಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಿದ್ದಳು. ನನಗೆ ನೆನಪು ಮೂಡುವ ಮುಂಚೆಯೇ ಅಮ್ಮ ತೀರಿಕೊಂಡಿದ್ದಳು. ನನ್ನ ಜಡೆ ಹೆಣೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಲೆಕ್ಕದಲ್ಲಿ ದಡ್ಡಿ ಎಂದು ಬೈದದ್ದು ಎಲ್ಲ ಅತ್ತೆಯೇ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದೂ ಅವಳಿಂದಲೇ ಬಂದದ್ದು ಎಂದು ಅಪ್ಪ ಹೇಳುತ್ತಾನೆ.

ಅವಳಿಗೆ ಬಟ್ಟೆ ಗಿರಣಿಯ ಡಿಸೈನ್ ಕೋಣೆಯಲ್ಲಿ ಕೆಲಸ. ಅಲ್ಲಿ ಇದ್ದವರು ಇಬ್ಬರೇ. ಒಬ್ಬರು ಹೂವಿನವರು: ಬೆಡ್‌ಶೀಟಿನ ಮೇಲೆ ಹೂವು, ಬಳ್ಳಿ, ಎಲೆ ಬಿಡಿಸುವ ದುಂಡನೆಯ ಮನುಷ್ಯ. ಇನ್ನೊಬ್ಬಳು ಅತ್ತೆ. ಗೆರೆ, ಪಟ್ಟೆ, ಚೌಕಳಿ ಎಲ್ಲ ಅವಳ ಪಾಲಿಗೆ. ಗಿರಣಿಯ ಮಂದಿ ಅವಳನ್ನು ಪಟ್ಟೆಯಮ್ಮ ಎಂದೇ ಕರೆಯುತ್ತಿದ್ದರು. ಗೋಡೆಯ ಆಚೆ ಮಗ್ಗಗಳು. ಅವು ಓಡುತ್ತಿದ್ದಾಗ ಮೇಜಿನ ಮೇಲಿನ ಟೀ ಲೋಟದೊಳಗೆ ಸಣ್ಣ ಸಣ್ಣ ಉಂಗುರ ಏಳುತ್ತಿತ್ತು. ಅಂಥ ಜಾಗದಲ್ಲಿ ಕೂತು ಚೌಕಳಿ ಕಾಗದದ ಮೇಲೆ ಕೂದಲೆಳೆಯಷ್ಟು ತೆಳು ಗೆರೆ ಎಳೆಯುವುದು ಅತ್ತೆಗೆ ನೀರು ಕುಡಿದಷ್ಟು ಸುಲಭ. ಪಟ್ಟೆಯಮ್ಮನ ಕಾಗದ ಬಂತೆಂದರೆ ಮಗ್ಗದ ಮೇಸ್ತ್ರಿ ಎರಡನೇ ಸಲ ನೋಡುತ್ತಿರಲಿಲ್ಲ, ಹಾಗೇ ನೇಯಿಸುತ್ತಿದ್ದ.

ಆಮೇಲೆ ಆ ಕೋಣೆಗೆ ಕಂಪ್ಯೂಟರ್ ಬಂದವು, ಇಬ್ಬರಿಗೂ ಒಂದೊಂದು. ಆ ಕಾಲದ ಮಾನಿಟರ್ ನೋಡಿದವರಿಗೆ ಗೊತ್ತು, ಮುಂದೆ ಗಾಜು, ಹಿಂದೆ ಬಸುರಿಯ ಹಾಗೆ ಹೊಟ್ಟೆ. ಬೆಡ್‌ಶೀಟು ಅಂಚಿನಿಂದ ಅಂಚಿನವರೆಗೆ ಒಟ್ಟಿಗೇ ಕಾಣಬೇಕು ಎಂದು ಮ್ಯಾನೇಜರು ಹೇಳಿದ್ದರಿಂದ, ಜೋಡಿಸಲು ಬಂದವನು ಅದು ತೋರಿಸಬಲ್ಲ ಎಲ್ಲಕ್ಕಿಂತ ದೊಡ್ಡ ಚಿತ್ರಕ್ಕೆ ಇಟ್ಟು ಹೋದ. ಅತ್ತೆ ಬೇಗ ಕಲಿತಳು. ಇಲಿಯ ಹಾಗಿರುವ ಮೌಸನ್ನು ಮೊದಮೊದಲು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು, ಅಷ್ಟೇ.

ಆದರೆ ಅಡ್ಡಗೆರೆ ನಡುಗುತ್ತಿತ್ತು.

ದಪ್ಪ ಪಟ್ಟೆ ನಡುಗುತ್ತಿರಲಿಲ್ಲ. ಮೇಲಿನಿಂದ ಕೆಳಗೆ ಇಳಿಯುವ ಉದ್ದಗೆರೆಯೂ ನಡುಗುತ್ತಿರಲಿಲ್ಲ. ಎಡದಿಂದ ಬಲಕ್ಕೆ ಹೋಗುವ ತೆಳು ಗೆರೆ ಮಾತ್ರ ಚಳಿ ಹಿಡಿದವರ ಹಾಗೆ ಮೇಲೆ ಕೆಳಗೆ ಅದುರುತ್ತಿತ್ತು. ಮಗ್ಗದ ಅದುರು ಇರಬೇಕು ಎಂದುಕೊಂಡು ಅತ್ತೆ ಊಟದ ಹೊತ್ತಿಗೆ ಕಾದಳು. ಮಗ್ಗಗಳು ನಿಂತವು. ಟೀ ಲೋಟದಲ್ಲಿ ಉಂಗುರ ನಿಂತಿತು. ಗೆರೆ ನಿಲ್ಲಲಿಲ್ಲ.

ಮರುದಿನ ಹೂವಿನವರನ್ನು ಏನೋ ಲೋಕಾಭಿರಾಮವಾಗಿ ಕೇಳುವ ಹಾಗೆ ಕೇಳಿದಳು.

“ನಿಮ್ಮ ಸ್ಕ್ರೀನಲ್ಲಿ ಏನಾದ್ರೂ ಅಲ್ಲಾಡುತ್ತಾ?”

“ಅಲ್ಲಾಡೋದಾ? ಬಂಡೆ ಹಾಗೆ ನಿಂತಿದೆ” ಎಂದರು ಅವರು, ಒಂದು ದೊಡ್ಡ ದಾಸವಾಳಕ್ಕೆ ಬಣ್ಣ ತುಂಬುತ್ತ.

ಅಲ್ಲಿಗೆ ಅತ್ತೆಯ ಬಾಯಿಗೆ ಬೀಗ ಬಿತ್ತು. ಪಕ್ಕದಲ್ಲಿ ಕೂತವರ ಮಾನಿಟರ್ ಅದೇ ಅಂಗಡಿಯದು, ಅದೇ ಬಗೆಯದು. ಅವರಿಗೆ ನಡುಗುವುದಿಲ್ಲ, ತನಗೆ ನಡುಗುತ್ತದೆ. ಹಾಗಾದರೆ ನಡುಗುತ್ತಿರುವುದು ಯಾವುದು?

ಇಲ್ಲಿ ಅಜ್ಜಿಯ ವಿಷಯ ಹೇಳಬೇಕು. ಅಜ್ಜಿಗೆ, ಅಂದರೆ ಅತ್ತೆಯ ತಾಯಿಗೆ, ವಯಸ್ಸಾಗುವ ಮೊದಲೇ ತಲೆ ನಡುಗಲು ಶುರುವಾಗಿತ್ತಂತೆ. ಮೇಲೆ ಕೆಳಗೆ, ಸದಾ ಹೌದು ಹೌದು ಎನ್ನುವ ಹಾಗೆ. ಬಾಗಿಲಿಗೆ ಬಂದ ವ್ಯಾಪಾರದವರು “ಬೇಕಾ ಅಮ್ಮಾ?” ಎಂದರೆ ತಲೆ ಹೌದು ಎನ್ನುತ್ತಿತ್ತು, ಬಾಯಿ ಬೇಡ ಎನ್ನುತ್ತಿತ್ತು, ಅವರು ತಲೆಯನ್ನೇ ನಂಬಿ ಗಂಟು ಬಿಚ್ಚುತ್ತಿದ್ದರು. ಇದನ್ನು ಹೇಳಿ ನಮ್ಮ ಮನೆಯಲ್ಲಿ ನಗುತ್ತಿದ್ದೆವು. ಆಮೇಲಿನದು ನಗುವ ಸಂಗತಿಯಲ್ಲ. ನಡುಕ ತಲೆಯಿಂದ ಕೈಗೆ ಇಳಿಯಿತು. ನಾನು ಹುಟ್ಟಿದ ಹೊಸತರಲ್ಲಿ ಅಜ್ಜಿ ನನ್ನನ್ನು ಎತ್ತಿಕೊಂಡಿದ್ದಾಗ ನಾನು ಜಾರಿದೆನಂತೆ. ಕೆಳಗೆ ಹಾಸಿಗೆ ಇತ್ತು, ನನಗೆ ಏನೂ ಆಗಲಿಲ್ಲ. ಆದರೆ ಅಜ್ಜಿ ಅವತ್ತಿನಿಂದ ಸಾಯುವವರೆಗೆ ಯಾವ ಮಗುವನ್ನೂ ಮುಟ್ಟಲಿಲ್ಲ. ನಾನು ಅಳುತ್ತಿದ್ದರೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳಂತೆ. ನನ್ನನ್ನು ಹಾಸಿಗೆಯಿಂದ ಎತ್ತಿಕೊಂಡವಳು ಅತ್ತೆ. ಅಜ್ಜಿಯ ಆಗಿನ ಮುಖವನ್ನು ನೋಡಿದವಳೂ ಅವಳೊಬ್ಬಳೇ.

ಈಗ ಅವಳಿಗೆ ಅನುಮಾನವೇ ಉಳಿಯಲಿಲ್ಲ. ತನ್ನ ತಲೆ ನಡುಗುತ್ತಿದೆ, ತನಗೇ ಗೊತ್ತಾಗದಷ್ಟು ಸಣ್ಣಗೆ; ಅದಕ್ಕೇ ಗೆರೆ ನಡುಗಿದ ಹಾಗೆ ಕಾಣುತ್ತದೆ. ಉದ್ದಗೆರೆ ಯಾಕೆ ನಡುಗುವುದಿಲ್ಲ ಎಂಬುದಕ್ಕೂ ಅವಳ ಬಳಿ ಉತ್ತರ ಸಿದ್ಧವಿತ್ತು. ತಲೆ ಮೇಲೆ ಕೆಳಗೆ ಆಡಿದರೆ ಉದ್ದಗೆರೆ ತನ್ನ ಮೇಲೇ ತಾನು ಸರಿಯುತ್ತದೆ, ಗೊತ್ತಾಗುವುದಿಲ್ಲ. ಅಡ್ಡಗೆರೆಯಾದರೆ ಗೊತ್ತಾಗುತ್ತದೆ. ಕಾಗದದ ಮೇಲೆ ನಡುಗುವುದಿಲ್ಲವಲ್ಲ? ಕಾಗದ ನೋಡುವಾಗ ಕತ್ತು ಬಗ್ಗಿರುತ್ತದೆ, ಗದ್ದ ಎದೆಗೆ ಊರಿರುತ್ತದೆ, ಅದಕ್ಕೇ. ಹೆದರಿದವಳಿಗೆ ಹಗ್ಗವೂ ಹಾವು ಎನ್ನುತ್ತಾರೆ. ನನ್ನ ಅತ್ತೆ ಆ ಹಗ್ಗಕ್ಕೆ ಹೆಡೆ, ಹಲ್ಲು, ಬಾಲ ಎಲ್ಲವನ್ನೂ ತರ್ಕಬದ್ಧವಾಗಿ ಜೋಡಿಸಿದಳು.

ಡಾಕ್ಟರ ಬಳಿ ಹೋಗಬಹುದಿತ್ತು. “ಅವರು ಹೌದು ಅಂದ್ಬಿಟ್ರೆ ನಿಜ ಆಗ್ಬಿಡುತ್ತಲ್ಲ” ಎಂದಳು, ಎಷ್ಟೋ ಕಾಲದ ಮೇಲೆ ನಾನು ಕೇಳಿದಾಗ.

ಕೆಲಸ ಬಿಡುವ ಹಾಗಿರಲಿಲ್ಲ, ಗೆರೆಯನ್ನು ನೋಡುವ ಹಾಗೂ ಇರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದಳು. ಅಡ್ಡಗೆರೆ ಎಳೆಯುವಾಗ ಚಿತ್ರವನ್ನು ಪಕ್ಕಕ್ಕೆ ಮಲಗಿಸಿ ಕೆಲಸ ಮಾಡುವುದು. ಹಾಗೆ ತಿರುಗಿಸಿದರೆ ಅಡ್ಡಗೆರೆಗಳೆಲ್ಲ ಉದ್ದಗೆರೆಗಳಾಗುತ್ತವೆ, ನಡುಗದೆ ನಿಲ್ಲುತ್ತವೆ. ಮುಗಿದ ಮೇಲೆ ಮತ್ತೆ ನೆಟ್ಟಗೆ ಮಾಡಿ, ಕಾಗದಕ್ಕೆ ಇಳಿಸಿ, ಮೇಸ್ತ್ರಿಗೆ ಕಳಿಸುವುದು. ಹೂವಿನವರು ಯಾವಾಗಲಾದರೂ ಬಗ್ಗಿ ನೋಡಿದರೆ ಅಲ್ಲಿ ಕಾಣುತ್ತಿದ್ದದ್ದು ಸಾಧುವಾಗಿ ನಿಂತ ಉದ್ದಗೆರೆಗಳು. ಇಡೀ ಗಿರಣಿಗೆ ಗೊತ್ತಾಗಲಿಲ್ಲ.

ಅದೇ ದಿನಗಳಲ್ಲಿ ನನಗೆ ಮಗಳು ಹುಟ್ಟಿದಳು.

ಆಸ್ಪತ್ರೆಗೆ ಮೊದಲು ಓಡಿ ಬಂದವಳು ಅತ್ತೆ. ಬಂದವಳು ಬಾಗಿಲಲ್ಲೇ ನಿಂತಳು. ಎರಡೂ ಕೈ ಬೆನ್ನ ಹಿಂದೆ. “ನಿನ್ನ ಮೂಗು” ಎಂದಳು, ಕಣ್ಣು ತುಂಬಿಕೊಂಡು. ನಾನು ಮಗುವನ್ನು ಚಾಚಿದೆ. “ಬೇಡ, ಹೊರಗಿಂದ ಬಂದಿದೀನಿ, ಕೈ ಕೊಳೆ” ಎಂದಳು. ಕೊಳೆ ಇದ್ದರೆ ತೊಳೆದುಕೊಳ್ಳಬಹುದಲ್ಲ, ನಲ್ಲಿ ಅಲ್ಲೇ ಇತ್ತು. ಮನೆಗೆ ಬಂದ ಮೇಲೆ ನೆಗಡಿ ಎಂದಳು. ಆಮೇಲೆ ಭುಜ ನೋವು ಎಂದಳು. ನಮ್ಮ ಮನೆಗೂ ಅವಳು ವಾಸವಿದ್ದ ಕೋಣೆಗೂ ನಡುವೆ ಎರಡು ಬೀದಿ. ಕೆಲಸ ಮುಗಿಸಿ ದಿನವೂ ಬರುತ್ತಿದ್ದಳು. ಮಗುವಿನ ಬಟ್ಟೆ ಒಗೆಯುತ್ತಿದ್ದಳು, ಹಾಲು ಕಾಯಿಸುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಗು ಅತ್ತರೆ ಮಾತ್ರ ನನ್ನನ್ನು ಕೂಗಿ ಕರೆಯುತ್ತಿದ್ದಳು, ತಾನು ತೊಟ್ಟಿಲಿಗೆ ಒಂದು ಮೊಳ ದೂರದಲ್ಲಿ ನಿಂತು “ಬಂದ್ಳು, ಅಮ್ಮ ಬಂದ್ಳು” ಎಂದು ಗಾಳಿಗೆ ಸಮಾಧಾನ ಹೇಳುತ್ತಿದ್ದಳು. ಮಾತಿನ ನಡುವೆ ಒಂದು ಕೈಯಿಂದ ಗದ್ದ ಹಿಡಿದುಕೊಳ್ಳುವ ಅಭ್ಯಾಸ ಬೇರೆ ಹೊಸದಾಗಿ ಬಂದಿತ್ತು. ತಲೆಯನ್ನು ಆನಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

“ವಯಸ್ಸಾಯ್ತು ಅವಳಿಗೆ, ಬಿಡು” ಎಂದ ಅಪ್ಪ.

“ನೀರು ತುಂಬಿದ ಬಕೆಟ್ ಎತ್ತೋಕೆ ವಯಸ್ಸಾಗಿಲ್ಲ, ನನ್ನ ಮಗಳನ್ನ ಎತ್ತೋಕೆ ವಯಸ್ಸಾಯ್ತಾ?” ಎಂದೆ.

ಮಗುವಿಗೆ ಮೊದಲ ಸಲ ಜ್ವರ ಬಂತು. ದೊಡ್ಡ ಜ್ವರವೇನಲ್ಲ. ಆದರೆ ಮೊದಲ ಮಗು, ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ, ನನಗೆ ಕೈಕಾಲು ಆಡಲಿಲ್ಲ. ಬೆಳಿಗ್ಗೆಯೇ ಗಿರಣಿಗೆ ಫೋನ್ ಮಾಡಿದೆ. ಅತ್ತೆ ಲೈನಿಗೆ ಬಂದಳು. ಬರುತ್ತೇನೆ, ಒದ್ದೆ ಬಟ್ಟೆ ಹಾಕು, ಹೆದರಬೇಡ ಎಂದೆಲ್ಲ ಹೇಳಿದಳು.

“ನೀನು ಬಂದು ಏನು ಮಾಡ್ತೀಯ?” ಎಂದೆ. “ನನ್ನನ್ನ ಸಾಕಿದೆ. ನನ್ನ ಮಗಳನ್ನ ಇವತ್ತಿನವರೆಗೆ ಮುಟ್ಟಿಯೂ ನೋಡಿಲ್ಲ. ಅವಳು ಏನು ಮಾಡಿದ್ಲು ನಿನಗೆ?”

ಆ ಕಡೆ ಅತ್ತೆ ಫೋನ್ ಇಟ್ಟಳು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಅದನ್ನು ಆಡದಿದ್ದರೆ ಅವಳು ಗದ್ದ ಹಿಡಿದುಕೊಂಡೇ ಜನ್ಮ ಕಳೆಯುತ್ತಿದ್ದಳು.

ಯಾಕೆಂದರೆ ಅವತ್ತು ಅತ್ತೆ ಚಿತ್ರವನ್ನು ನೆಟ್ಟಗೆ ಮಾಡಲು ಮರೆತಳು. ಮೂಗು ಒರೆಸಿಕೊಂಡು ಮೇಜಿಗೆ ಬಂದಳು, ಮಲಗಿದ್ದ ಬೆಡ್‌ಶೀಟನ್ನು ಹಾಗೇ ಕಾಗದಕ್ಕೆ ಇಳಿಸಿದಳು, ಕಳಿಸಿಬಿಟ್ಟಳು. ಮೇಸ್ತ್ರಿ ಎಂದಿನಂತೆ ಎರಡನೇ ಸಲ ನೋಡಲಿಲ್ಲ. ಅಡ್ಡ ಹೊಕ್ಕಿನಲ್ಲಿ ಬರಬೇಕಾಗಿದ್ದ ನೀಲಿ ಎಳೆಗಳನ್ನೆಲ್ಲ ಉದ್ದ ಹಾಸಿನಲ್ಲಿ ಕಟ್ಟಿಸಿದ. ಮಗುವಿನ ಜ್ವರ ಇಳಿದು, ಮಗು ಮತ್ತೆ ನಗಲು ಶುರುಮಾಡಿದ ಹೊತ್ತಿಗೆ, ಗಿರಣಿಯಲ್ಲಿ ಒಂದು ಹೊರೆ ಬೆಡ್‌ಶೀಟು ತಯಾರಾಗಿತ್ತು. ಅಡ್ಡಡ್ಡ ಮಲಗಬೇಕಾದ ತೆಳು ಗೆರೆಗಳೆಲ್ಲ ಉದ್ದುದ್ದ ಎದ್ದು ನಿಂತಿದ್ದವು.

ಮ್ಯಾನೇಜರು ಡಿಸೈನ್ ಕೋಣೆಗೆ ಬಂದರು, ಹಿಂದೆಯೇ ಬಟ್ಟೆ ಹೊತ್ತ ಮೇಸ್ತ್ರಿ. ಮ್ಯಾನೇಜರು ಕೂಗಾಡುವವರಲ್ಲ. ಅದೇ ಕಷ್ಟ, ಕೂಗಾಡಿದ್ದರೆ ಅತ್ತೆಯೂ ಕೂಗಾಡುತ್ತಿದ್ದಳು.

“ತಪ್ಪು ಎಲ್ಲರೂ ಮಾಡ್ತಾರೆ, ಪಟ್ಟೆಯಮ್ಮ. ಆದ್ರೆ ನನಗೆ ಒಂದು ಅರ್ಥ ಆಗ್ತಿಲ್ಲ. ಇದು ಮಲಗಿದ್ದು ಯಾಕೆ? ಯಾರು ಮಲಗಿಸಿದ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆಯ ಕೈ ಗದ್ದಕ್ಕೆ ಹೋಯಿತು. ಗದ್ದ ಹಿಡಿದುಕೊಂಡೇ ಎಲ್ಲ ಹೇಳಿದಳು. ಅಡ್ಡಗೆರೆ ನಡುಗುವುದು, ತಾಯಿಯ ತಲೆ, ತಾಯಿಯ ಕೈ, ತಾನು ಚಿತ್ರ ತಿರುಗಿಸಿಕೊಂಡು ಕೆಲಸ ಮಾಡುವುದು. ಇನ್ನು ಈ ಕುರ್ಚಿ ತನ್ನದಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಕುರ್ಚಿಗಿಂತ ಆ ಮಾತು ಬಾಯಿಂದ ಹೊರಬಂದದ್ದೇ ಅವಳಿಗೆ ದೊಡ್ಡದಾಗಿತ್ತು, ಯಾರಿಗಾದರೂ ಹೇಳಿದ್ದು ಅದೇ ಮೊದಲ ಸಲ.

ಹೂವಿನವರಿಗೆ ತಡೆಯಲಾಗಲಿಲ್ಲ.

“ಅದು ಹೇಗ್ರೀ ನಡುಗುತ್ತೆ? ನನಗೆ ಇಷ್ಟು ದಿನ ನಡುಗಿಲ್ಲವಲ್ಲ” ಎಂದು ತಮ್ಮ ಮಾನಿಟರಿನ ಕಡೆ ತಿರುಗಿ, ದಾಸವಾಳವನ್ನು ಸರಿಸಿ, ಖಾಲಿ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಕೂದಲೆಳೆಯಂಥ ಒಂದು ಅಡ್ಡಗೆರೆ ಎಳೆದರು. ಕಂಪ್ಯೂಟರ್ ಬಂದಾಗಿನಿಂದ ಅವರು ಎಳೆದ ಮೊದಲ ನೇರ ಗೆರೆ ಅದು. ಮುಂದಕ್ಕೆ ಬಗ್ಗಿದರು. ಹಿಂದಕ್ಕೆ ಸರಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಎರಡೂ ಕೈಯಿಂದ ತಮ್ಮ ತಲೆಯನ್ನು ಭದ್ರವಾಗಿ ಹಿಡಿದುಕೊಂಡರು.

“ಅಯ್ಯಯ್ಯೋ! ನನಗೂ ಬಂತಲ್ರೀ!”

ಮ್ಯಾನೇಜರು ಬಂದು ಬಗ್ಗಿದರು. “ಹೌದಲ್ಲ, ನಡುಗ್ತಿದೆ” ಎಂದು ಅವರೂ ಕಿವಿಯ ಹತ್ತಿರ ಕೈ ಇಟ್ಟುಕೊಂಡರು. ಮೇಸ್ತ್ರಿ ಬಟ್ಟೆ ಕೆಳಗಿಟ್ಟು ನೋಡಿದ. ಅವನು ಮಾತ್ರ ತಲೆ ಹಿಡಿದುಕೊಳ್ಳಲಿಲ್ಲ. “ನಾಲ್ಕೂ ಜನಕ್ಕೆ ಒಟ್ಟಿಗೇ ಬರೋಕೆ ಇದೇನು ಕಣ್ಣು ಬೇನೆಯಾ? ಡಬ್ಬ ಕೆಟ್ಟಿದೆ, ಸಾರ್” ಎಂದ.

ಅತ್ತೆ ಗದ್ದದಿಂದ ಕೈ ತೆಗೆದಳು. ಆ ಕ್ಷಣ ಏನೂ ಅನ್ನಿಸಲಿಲ್ಲ, ಕುರ್ಚಿಯಲ್ಲಿ ಕೂತುಬಿಟ್ಟೆ ಎಂದು ಆಮೇಲೆ ಹೇಳಿದಳು.

ಮಧ್ಯಾಹ್ನ ಮಾನಿಟರ್ ರಿಪೇರಿಯವನು ಬಂದ. ಡಬ್ಬ ಕೆಟ್ಟಿಲ್ಲ ಎಂದ. ಅದು ಇರುವುದೇ ಹಾಗೆ.

“ನೋಡಿ ಅಮ್ಮ, ಈ ಚಿತ್ರ ಪೂರ್ತಿ ಒಂದೇ ಸಲ ಮೂಡಲ್ಲ. ಒಳಗಿಂದ ಒಂದು ಬೆಳಕು ಸಾಲು ಸಾಲಾಗಿ ಬರೀತಾ ಬರುತ್ತೆ, ಕಣ್ಣಿಗೆ ಗೊತ್ತಾಗದಷ್ಟು ಜೋರಾಗಿ. ಚಿತ್ರ ಇಷ್ಟು ದೊಡ್ಡದಾದ್ರೆ ಎಲ್ಲ ಸಾಲೂ ಒಂದೇ ಸುತ್ತಿಗೆ ಬರೆಯೋ ಶಕ್ತಿ ಈ ಮಾನಿಟರಿಗಿಲ್ಲ. ಅದಕ್ಕೇ ಒಂದು ಬಿಟ್ಟು ಒಂದು ಬರೆಯುತ್ತೆ. ಮೊದಲ ಸುತ್ತಿಗೆ ಒಂದು, ಮೂರು, ಐದು. ಎರಡನೇ ಸುತ್ತಿಗೆ ಎರಡು, ನಾಲ್ಕು, ಆರು. ಇಂಟರ್‌ಲೇಸ್ಡ್ ಅಂತಾರೆ ಇದಕ್ಕೆ.”

“ಮಗ್ಗದ ಹಾಗೆ” ಎಂದಳು ಅತ್ತೆ. “ಒಂದು ಬಿಟ್ಟು ಒಂದು ಎಳೆ ಎತ್ತೋದು, ಆಮೇಲೆ ಉಳಿದಿದ್ದು ಎತ್ತೋದು.”

“ಹಾಗೇ ಅಂದ್ಕೊಳ್ಳಿ. ಈಗ ನಿಮ್ಮ ತೆಳು ಅಡ್ಡಗೆರೆ ಒಂದೇ ಸಾಲಿನ ಮೇಲೆ ಕೂತಿರುತ್ತೆ. ಒಂದು ಸುತ್ತಲ್ಲಿ ಅದು ಬೆಳಗುತ್ತೆ, ಇನ್ನೊಂದು ಸುತ್ತಲ್ಲಿ ಅದರ ಸರದಿ ಇರಲ್ಲ, ಮಂಕಾಗುತ್ತೆ. ಅದೇ ನಡುಕ. ಉದ್ದಗೆರೆ ಎಲ್ಲ ಸಾಲನ್ನೂ ದಾಟಿ ಹೋಗುತ್ತಲ್ಲ, ಯಾವ ಸುತ್ತಲ್ಲೂ ಅದರ ಒಂದು ಪಾಲು ಇದ್ದೇ ಇರುತ್ತೆ. ಇವರ ಹೂವಿನ ದಳವೂ ಅಷ್ಟೇ, ಅಗಲ ಇದೆ, ಎಲ್ಲ ಸಾಲಲ್ಲೂ ಹರಡಿರುತ್ತೆ.”

“ಇದಕ್ಕೆ ಮದ್ದಿಲ್ವಾ?” ಎಂದರು ಹೂವಿನವರು, ಇನ್ನೂ ಪೂರ್ತಿ ಧೈರ್ಯ ಬರದೆ.

“ಚಿತ್ರ ಸ್ವಲ್ಪ ಚಿಕ್ಕದಕ್ಕೆ ಇಳಿಸಿದ್ರೆ ನಾನ್-ಇಂಟರ್‌ಲೇಸ್ಡ್ ಆಗುತ್ತೆ. ಪ್ರತಿ ಸುತ್ತಿಗೂ ಎಲ್ಲ ಸಾಲೂ ಬರೆಯುತ್ತೆ, ಒಂದನ್ನೂ ಬಿಡಲ್ಲ. ಆದ್ರೆ ಬೆಡ್‌ಶೀಟು ಪೂರ್ತಿ ಒಟ್ಟಿಗೇ ಕಾಣಲ್ಲ. ಸರಿಸಿ ಸರಿಸಿ ನೋಡಬೇಕು.”

“ಸರಿಸ್ತೀನಿ” ಎಂದಳು ಅತ್ತೆ. ಮ್ಯಾನೇಜರನ್ನು ಕೇಳಲೂ ಇಲ್ಲ.

ಅವನು ಏನೇನೋ ಒತ್ತಿದ. ಪರದೆ ಒಮ್ಮೆ ಕಪ್ಪಾಯಿತು, ಟಕ್ ಎಂದಿತು, ಚಿತ್ರ ಮರಳಿ ಬಂತು, ಎಲ್ಲವೂ ಒಂದಿಷ್ಟು ದೊಡ್ಡ ದೊಡ್ಡದಾಗಿ. ಅತ್ತೆ ಒಂದು ಅಡ್ಡಗೆರೆ ಎಳೆದಳು. ಗೆರೆ ನಿಂತಿತ್ತು. ಅದರ ಕೆಳಗೆ ಇನ್ನೊಂದು ಎಳೆದಳು, ಅದೂ ನಿಂತಿತ್ತು. ಪರದೆ ತುಂಬ ಗೆರೆ ಎಳೆದಳು. ಎಲ್ಲ ನಿಂತಿದ್ದವು. ಹೂವಿನವರು ಹಿಂದಿನಿಂದ “ಕುಣಿಯಲಾರದವಳು...” ಎಂದು ಶುರುಮಾಡಿದರಂತೆ. “ಬಾಯಿ ಮುಚ್ಚಿ” ಎಂದಳಂತೆ ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. ಹಾಳಾದ ಆ ಬಟ್ಟೆಯಲ್ಲಿ ಒಂದು ತುಂಡು ಕತ್ತರಿಸಿ ಎರಡೂ ಮಾನಿಟರಿಗೆ ಧೂಳು ಕೂರದ ಹಾಗೆ ಮುಸುಕು ಹೊಲಿಸಿದರು. ಅವಳು ನಿವೃತ್ತಳಾಗುವವರೆಗೂ ಆ ಮುಸುಕು ಅಲ್ಲೇ ಇತ್ತು, ಗೆರೆ ಉದ್ದಕ್ಕೆ ಮಾಡಿಕೊಂಡು.

ಅವತ್ತು ಅವಳು ಕೆಲಸ ಮುಗಿಯುವ ಮುಂಚೆಯೇ ಗಿರಣಿಯಿಂದ ಹೊರಟಳು. ಅವಳ ಜೀವಮಾನದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ.

ಇಳಿ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ನಾನು ಮಗುವಿನ ಬಟ್ಟೆ ಮಡಿಸುತ್ತ ಕೂತಿದ್ದೆ. ಫೋನಿನ ಆ ಮಾತಾದ ಮೇಲೆ ಅವಳು ದಿನವೂ ಬಂದಿದ್ದಳು, ಕೆಲಸ ಮಾಡಿ ಹೋಗಿದ್ದಳು, ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಗಿತ್ತು. ಬಾಗಿಲು ತಳ್ಳಿಕೊಂಡು ಬಂದವಳು ನೇರ ನಲ್ಲಿಗೆ ಹೋದಳು. ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದಳು. ಒರೆಸಿಕೊಂಡು ಬಂದು ನನ್ನ ಮುಂದೆ ನಿಂತು ಎರಡೂ ಕೈ ಚಾಚಿದಳು.

“ಕೊಡು ಅವಳನ್ನ.”

“ಇವತ್ತೇನು ವಿಶೇಷ? ಭುಜ ವಾಸಿ ಆಯ್ತಾ?” ಎಂದೆ. ನಾನೇನು ಸುಲಭಕ್ಕೆ ಬಗ್ಗುವವಳೇ?

ಅತ್ತೆ ಒಂದೇ ಉಸಿರಿಗೆ ಹೇಳಿದಳು. ಒಂದು, ಮೂರು, ಐದು ಎಂದಳು. ಎರಡು, ನಾಲ್ಕು, ಆರು ಎಂದಳು. ಅಜ್ಜಿ, ಹಾಸು, ಹೊಕ್ಕು, ಹೂವಿನವರು, ದಾಸವಾಳ ಎಲ್ಲ ಒಂದರ ಮೇಲೊಂದು ಬಂದವು. ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. “ನನ್ನ ತಲೆ ಅಲ್ಲ, ಆ ಡಬ್ಬ! ನನ್ನ ತಲೆ ಅಲ್ಲ!” ಎಂದು ಅವಳು ಮತ್ತೆ ಮತ್ತೆ ಹೇಳಿದ ಮೇಲೆ ನಿಧಾನವಾಗಿ ತಿಳಿಯಿತು. ಬೆನ್ನ ಹಿಂದಿನ ಆ ಕೈಗಳು, ಗದ್ದ ಹಿಡಿದ ಕೈ, ತೊಟ್ಟಿಲಿಗೆ ಒಂದು ಮೊಳ ದೂರ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. ಈಗಲೂ ಬರುತ್ತದೆ. ನನಗೊಂದು ಮಾತು ಹೇಳಬಾರದಿತ್ತೇ?

“ಹೇಳಿದ್ರೆ ನೀನು ಕೊಟ್ಬಿಡ್ತಿದ್ದೆ” ಎಂದಳು. “ಪರವಾಗಿಲ್ಲ, ಎತ್ಕೋ ಅಂತ ಕೊಟ್ಬಿಡ್ತಿದ್ದೆ. ನಾನು ಬೀಳಿಸ್ತಿದ್ದೆ.”

ಮಗುವನ್ನು ಕೊಟ್ಟೆ. ಮಗಳಿಗೆ ಆಗ ಕತ್ತು ಇನ್ನೂ ಸರಿಯಾಗಿ ನಿಂತಿರಲಿಲ್ಲ. ಅತ್ತೆಯ ಕೈಗೆ ಹೋದವಳು ಅವಳ ಮುಖ ನೋಡಲು ತಲೆ ಎತ್ತಿದಳು. ಆ ಪುಟ್ಟ ತಲೆ ಮೇಲೆ ಕೆಳಗೆ ತೂಗಾಡಿತು, ಹೌದು ಹೌದು ಎನ್ನುವ ಹಾಗೆ. ಅತ್ತೆ ತನ್ನ ಅಂಗೈಯನ್ನು ಅದರ ಹಿಂದೆ ಇಟ್ಟಳು. ತಲೆ ನಿಂತಿತು. ಆ ಕೈಯನ್ನೇ ನಾನು ನೋಡುತ್ತಿದ್ದೆ. ಅದು ಎಳ್ಳಷ್ಟೂ ಅಲುಗಲಿಲ್ಲ.

“ಅಪ್ಪಟ ನಮ್ಮಮ್ಮ” ಎಂದು ನಕ್ಕಳು ಅತ್ತೆ, ಕಣ್ಣೀರು ಮಗುವಿನ ಹಣೆಗೆ ಬಿತ್ತು.

ಒಂದು ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಬರಬಹುದು, ನನಗೂ ಗೊತ್ತು” ಎಂದಳು. “ಬಂದಾಗ ನೋಡ್ಕೊಳ್ಳೋಣ. ಇವತ್ತು ಬಂದಿಲ್ಲ.”

ಮಗು ಅವಳ ಭುಜದ ಮೇಲೆ ನಿದ್ದೆ ಹೋಯಿತು. ತೊಟ್ಟಿಲಲ್ಲಿ ಮಲಗಿಸು, ಕೈ ಸೋಲುತ್ತದೆ ಎಂದೆ. ಕೇಳಿಸದ ಹಾಗೆ ಅವಳು ಕಿಟಕಿಯ ಬಳಿ ಹೋಗಿ ಕೂತಳು, ಬಿಸಿಲು ಹೋಗುವವರೆಗೂ ಏಳಲಿಲ್ಲ.